ಕ್ಲಚ್ಚಿಗೋಸ್ಕರ ಮೂರು ತಿಂಗಳು ಕಾದೆ

2023ರ ಜೂನ್ ಕೊನೆಗೆ ನಮ್ಮ 2012ರ ಸ್ವಿಫ್ಟ್ ಒಂದು ಲಕ್ಷದ ಮೂವತ್ತೆಂಟು ಸಾವಿರ ಕಿಲೋಮೀಟರ್ ಮುಟ್ತು. ಇಂಜಿನ್ ಚೆನ್ನಾಗೇ ಇತ್ತು, ಆದ್ರೆ ಸಸ್ಪೆನ್ಷನ್ ಕೆಲಸ, ಎಸಿ ಕೆಲಸ ಅಂತ ಆರು ತಿಂಗಳಲ್ಲಿ ಮೂರು ಸಲ ಗ್ಯಾರೇಜ್ ಸೇರಿತ್ತು. ಇನ್ನು ಸಾಕು, ಹೊಸದು ತಗೊಳ್ಳೋಣ ಅಂತ ನಾನೂ ನಮ್ಮನೆಯವಳೂ ಕೂತು ತೀರ್ಮಾನ ಮಾಡಿದ್ವಿ. ಈ ಸಲ ಮಾತ್ರ ನಾನು ಒಂದು ಮಾತು ಮೊದಲೇ ಹೇಳ್ಬಿಟ್ಟೆ, ಮೈಲೇಜ್ ನೋಡಿ ಗಾಡಿ ತಗೊಳ್ಳಲ್ಲ, ಓಡಿಸೋಕೆ ಖುಷಿ ಕೊಡೋ ಗಾಡಿ ತಗೊಳ್ತೀನಿ, ಹತ್ತು ವರ್ಷ ಅದರಲ್ಲೇ ಇರ್ತೀನಿ ಅಂತ.

ನಮ್ಮೂರು ಮೂಡಿಗೆರೆ ಹತ್ರ. ನಾನು ಗಾಡಿ ಕಲಿತಿದ್ದೇ ಅಪ್ಪನ ಹಳೇ ಜೀಪಲ್ಲಿ, ತೋಟದ ಒಳಗಿನ ಮಣ್ಣು ರೋಡಲ್ಲಿ, ಒಂದು ಕಡೆ ಕಾಫಿ ಗಿಡ ಇನ್ನೊಂದು ಕಡೆ ಚರಂಡಿ. "ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ಬೇಡ, ಕೆಲಸ ಇದ್ದಾಗ ಒತ್ತು, ಆಮೇಲೆ ಬಿಡು" ಅಂತ ಅಪ್ಪ ನೂರು ಸಲ ಹೇಳಿರ್ಬೇಕು. ಆಮೇಲೆ ಕಾಲೇಜಿಗೆ ಮಂಗಳೂರು ಸೇರಿದ ಮೇಲೆ ಚಾರ್ಮಾಡಿ ಘಾಟಿ ಹತ್ತಿ ಇಳಿಯೋದೇ ಜೀವನ ಆಯ್ತು, ತಿರುವಿಗೆ ಮುಂಚೆ ಮೂರರಿಂದ ಎರಡಕ್ಕೆ ಇಳಿಸಿ, ಇಂಜಿನ್ ಎಳೆತದಲ್ಲೇ ಗಾಡಿನ ಹಿಡಿದು, ತಿರುವು ದಾಟ್ತಿದ್ದಂಗೆ ಆಕ್ಸಿಲರೇಟರ್ ಕೊಡೋದು, ಅದು ಒಂದು ಸಲ ಮೈಗೆ ಹತ್ತಿದ ಮೇಲೆ ಬಿಡಲ್ಲ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಮುಂದಿನ ಕಥೆ ಎಲ್ಲಾ ನಿಂತಿರೋದು ಇದರ ಮೇಲೇನೇ.

ನಮ್ಮ ಬಜೆಟ್ಟಿಗೆ ಇಂಡಿಯಾದಲ್ಲಿ ಜೋರಾಗಿ ಓಡೋ ಸಣ್ಣ ಗಾಡಿಗಳು ಬೆರಳೆಣಿಕೆಯಷ್ಟೇ. ನನಗೆ ಮೊದಲಿಂದ ಇಷ್ಟ ಇದ್ದಿದ್ದು ಪೋಲೋ, ಅದು 2022ಕ್ಕೇ ನಿಂತೋಗಿತ್ತು. ಆಲ್ಟ್ರೋಜ್ ಟರ್ಬೋ ನೋಡಿದೆ, ಫ್ರಾಂಕ್ಸ್ ಟರ್ಬೋ ನೋಡಿದೆ, ಎರಡೂ ಒಳ್ಳೆ ಗಾಡಿಗಳೇ, ಆದ್ರೆ ಮನಸ್ಸು ಹೋಗಿ ಕೂತಿದ್ದು ಹ್ಯುಂಡೈ ಐ20 ಎನ್ ಲೈನ್ ಮೇಲೆ. 2021ರ ಸೆಪ್ಟೆಂಬರ್‌ನಲ್ಲಿ ಬಂದಿದ್ದ ಗಾಡಿ ಅದು. 1 ಲೀಟರಿನ ಮೂರು ಸಿಲಿಂಡರ್ ಟರ್ಬೋ, 120 ಪಿಎಸ್ ಶಕ್ತಿ, 172 ನ್ಯೂಟನ್ ಮೀಟರ್ ಟಾರ್ಕ್ (ಎಳೆಯೋ ಬಲ), ಅದೂ 1500 ಆರ್‌ಪಿಎಮ್ಮಿಂದಲೇ. ಮಾಮೂಲಿ ಐ20ಗಿಂತ ಸಸ್ಪೆನ್ಷನ್ ಗಟ್ಟಿ, ಸ್ಟೀರಿಂಗಿಗೆ ತೂಕ ಜಾಸ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಹಿಂದೆ ಎರಡು ಬಾಯಿಯ ಎಕ್ಸಾಸ್ಟು, ಅದರ ಶಬ್ದ ಸ್ವಲ್ಪ ಒರಟು. ಹೊರದೇಶದಲ್ಲಿ ಸಿಗ್ತಿದ್ದ 204 ಪಿಎಸ್‌ನ ನಿಜವಾದ ಐ20 ಎನ್ ಇದಲ್ಲ, ಅದು ನನಗೂ ಗೊತ್ತು. ಆದ್ರೆ ನಮ್ಮ ರೋಡಿಗೆ, ನಮ್ಮ ಸಂಬಳಕ್ಕೆ, ಘಾಟಿಗೆ ಇಷ್ಟು ಸಾಕು ಅನ್ನಿಸ್ತು.

ಒಂದೇ ಒಂದು ತೊಡಕು ಇತ್ತು. ಆಗ ಸಿಗ್ತಿದ್ದ ಎನ್ ಲೈನಲ್ಲಿ ಎರಡೇ ಗೇರ್‌ಬಾಕ್ಸ್, ಒಂದು 7 ಸ್ಪೀಡ್ ಡಿಸಿಟಿ ಆಟೋಮ್ಯಾಟಿಕ್, ಇನ್ನೊಂದು 6 ಸ್ಪೀಡ್ ಐಎಂಟಿ. ಐಎಂಟಿ ಅಂದ್ರೆ ಗೇರ್ ಲಿವರ್ ಇರುತ್ತೆ, ಗೇರ್ ನಾವೇ ಹಾಕ್ಬೇಕು, ಆದ್ರೆ ಕ್ಲಚ್ ಪೆಡಲ್ ಇರಲ್ಲ. ಲಿವರ್ ಅಲ್ಲಾಡಿಸಿದ ಕೂಡ್ಲೇ ಅದರಲ್ಲಿರೋ ಸೆನ್ಸರ್ ಗುರುತು ಹಿಡಿದು ಕ್ಲಚ್ಚನ್ನ ಅದೇ ಬಿಡಿಸುತ್ತೆ, ಗೇರ್ ಬಿದ್ದ ಮೇಲೆ ಅದೇ ಕೂರಿಸುತ್ತೆ. ಜುಲೈ ಮೊದಲ ವಾರ ಕನಕಪುರ ರೋಡಲ್ಲಿ ಟೆಸ್ಟ್ ಡ್ರೈವ್ ಮಾಡಿದೆ. ಟ್ರಾಫಿಕ್ಕಲ್ಲಿ ನಿಜವಾಗ್ಲೂ ಆರಾಮ, ಎಡಗಾಲಿಗೆ ಕೆಲಸವೇ ಇಲ್ಲ, ದಿನಾ ಸಿಲ್ಕ್ ಬೋರ್ಡ್ ದಾಟೋರಿಗೆ ಇದು ವರ ಅಂತಲೇ ಹೇಳ್ತೀನಿ. ಆದ್ರೆ ರೋಡ್ ಖಾಲಿ ಸಿಕ್ಕಿ, ಸ್ವಲ್ಪ ಜೋರಾಗಿ ಹೋಗಿ, ತಿರುವಿಗೆ ಮುಂಚೆ ಗೇರ್ ಇಳಿಸೋಣ ಅಂದಾಗ ನನ್ನ ಎಡಗಾಲು ತಾನಾಗೇ ಹೋಗಿ ಖಾಲಿ ಜಾಗ ಒತ್ತಿತು. ಮೂರು ಸಲ ಹಂಗೇ ಆಯ್ತು. ಗೇರ್ ಬೀಳುತ್ತೆ, ನಯವಾಗೇ ಬೀಳುತ್ತೆ, ಆದ್ರೆ ಕ್ಲಚ್ ಯಾವಾಗ ಹಿಡೀಬೇಕು ಅನ್ನೋದು ನನ್ನ ಕಾಲಿನ ಲೆಕ್ಕ ಅಲ್ಲ, ಅದರ ಲೆಕ್ಕ. ಇಂಜಿನ್ ಮಾತ್ರ, ಆಹಾ, ಎರಡು ಸಾವಿರ ಆರ್‌ಪಿಎಂ ದಾಟಿದ ಮೇಲೆ ಅದು ಎಳೆಯೋ ರೀತಿಗೆ ನಾನು ಸೋತೋದೆ.

ವಾಪಸ್ ಬಂದ್ಮೇಲೆ ಸೇಲ್ಸ್ ಹುಡುಗ "ಸಾರ್, ಇವತ್ತೇ ಬುಕ್ ಮಾಡಿದ್ರೆ ಐವತ್ತೈದು ಸಾವಿರ ಬಿಡಿಸ್ಕೊಡ್ತೀನಿ, ಎನ್8 ಐಎಂಟಿ ನೀಲಿ ಬಣ್ಣ ರೆಡಿ ಸ್ಟಾಕ್ ಇದೆ" ಅಂದ. ಎನ್6 ಅಂದ್ರೆ ಕೆಳಗಿನ ವೇರಿಯಂಟ್, ಎನ್8 ಅಂದ್ರೆ ಮೇಲಿನದು. ಆವಾಗ ಆಷಾಢ. ಮನೇಲಿ ಅಮ್ಮ ಆಷಾಢದಲ್ಲಿ ಗಾಡಿ ಬೇಡ ಅಂತ ಖಡಾಖಂಡಿತ ಹೇಳಿದ್ರು. ಸರಿ ಜುಲೈ 17ಕ್ಕೆ ಆಷಾಢ ಮುಗಿಯುತ್ತಲ್ಲ ಅಂದ್ಕೊಂಡ್ರೆ ಆ ವರ್ಷ ಅಧಿಕ ಶ್ರಾವಣ ಬಂದಿತ್ತು, 18ರಿಂದ ಆಗಸ್ಟ್ 16ರವರೆಗೆ. "ಅಧಿಕ ಮಾಸದಲ್ಲಿ ಯಾರಾದ್ರೂ ಮನೆಗೆ ಹೊಸ ಗಾಡಿ ತರ್ತಾರೇನೋ, ಇಷ್ಟು ದಿನ ಕಾದಿದೀಯ, ಇನ್ನೊಂದು ತಿಂಗಳು ಕಾಯಿ" ಅಂದ್ರು ಅಮ್ಮ. ಆ ಒಂದು ತಿಂಗಳೇ ನನ್ನ ಗಾಡಿನ ಬದಲಾಯಿಸ್ತು ಅಂತ ಈಗಲೂ ಅಮ್ಮನಿಗೆ ಹೇಳ್ತಿರ್ತೀನಿ.

ಯಾಕಂದ್ರೆ ಆ ಗ್ಯಾಪಲ್ಲಿ ನಾನು ಓದೋಕೆ ಶುರು ಮಾಡಿದೆ. ಯುರೋಪಲ್ಲಿ ಐ20ಯ ಹೊಸ ರೂಪ ಮೇ ತಿಂಗಳಲ್ಲೇ ತೋರಿಸಿಬಿಟ್ಟಿದ್ರು. ಇಲ್ಲೂ ಕಪ್ಪು ಬಿಳಿ ಸ್ಟಿಕ್ಕರ್ ಸುತ್ಕೊಂಡು ಟೆಸ್ಟಿಂಗಿಗೆ ಓಡಾಡ್ತಿದ್ದ ಗಾಡಿಗಳ ಫೋಟೋ ಬರ್ತಿದ್ವು. ಅಂದ್ರೆ ಇನ್ನೇನು ಕೆಲವೇ ತಿಂಗಳಲ್ಲಿ ಹೊಸ ಮಾಡೆಲ್ ಬರುತ್ತೆ. ಆವಾಗ ಶುರುವಾಯ್ತು ತಲೆನೋವು, ಈಗಿರೋದನ್ನ ಡಿಸ್ಕೌಂಟಿಗೆ ತಗೊಳ್ಳೋದಾ, ಇಲ್ಲಾ ಹೊಸದಕ್ಕೆ ಕಾಯೋದಾ. ಕಾದ್ರೆ ಏನು ಸಿಗುತ್ತೆ? ಹೊಸ ಬಂಪರ್, ಹೊಸ ಲೈಟು, ಹೊಸ ಅಲಾಯ್ ವೀಲ್. ಅದಕ್ಕೆಲ್ಲ ನಾನು ಐವತ್ತೈದು ಸಾವಿರ ಬಿಡೋನಲ್ಲ. ನೇರ ಹೇಳ್ತೀನಿ, ಫೇಸ್‌ಲಿಫ್ಟ್ ಅಂತ ಬರೋ ಬದಲಾವಣೆಗಳಲ್ಲಿ ಮುಕ್ಕಾಲು ಪಾಲು ನಿಂತ್ಕೊಂಡು ನೋಡೋರಿಗೆ, ಒಳಗೆ ಕೂತು ಓಡಿಸೋರಿಗಲ್ಲ. ಸ್ನೇಹಿತ ಒಬ್ಬ "ಹಳೇ ಮಾಡೆಲ್ ತಗೊಂಡ್ರೆ ಮಾರೋವಾಗ ರೇಟ್ ಬರಲ್ಲ ಮಾರಾಯ" ಅಂದ. ಹತ್ತು ವರ್ಷ ಇಟ್ಕೊಳ್ಳೋನಿಗೆ ಅದೂ ದೊಡ್ಡ ಲೆಕ್ಕ ಅಲ್ಲ, ಹತ್ತು ವರ್ಷದ ಗಾಡಿಗೆ ಒಂದು ಬಂಪರ್ ಹಿಂದೆಮುಂದೆ ಆದ್ರೆ ಎಷ್ಟು ವ್ಯತ್ಯಾಸ ಬರುತ್ತೆ ಹೇಳಿ.

ಹಂಗಾಗಿ ಆಗಸ್ಟ್ 25ರ ವರಮಹಾಲಕ್ಷ್ಮಿ ಹಬ್ಬಕ್ಕೆ ಹಳೇದೇ ಡೆಲಿವರಿ ತಗೊಳ್ಳೋಣ ಅಂತ ಹೆಚ್ಚುಕಮ್ಮಿ ಒಪ್ಕೊಂಡಿದ್ದೆ. ಹಣ ಕಟ್ಟೋಕೆ ಮುಂಚೆ ಚಾಸಿ ನಂಬರ್ ಕೊಡಿ, ಆ ಗಾಡಿನೇ ನೋಡ್ಬೇಕು ಅಂದೆ. ಎರಡು ದಿನ ಆ ಕಡೆ ಈ ಕಡೆ ಮಾಡಿ ಕೊನೆಗೆ ಕಳಿಸಿದ್ರು. 17 ಅಕ್ಷರ ಇರುತ್ತೆ ಚಾಸಿ ನಂಬರಲ್ಲಿ, ಅದರಲ್ಲಿ ಹತ್ತನೇದು ವರ್ಷದ ಗುರುತು, 2022ಕ್ಕೆ ಎನ್, 2023ಕ್ಕೆ ಪಿ. ಇದರಲ್ಲಿ ಎನ್ ಇತ್ತು. ಸ್ಟಾಕ್ ಯಾರ್ಡಿಗೆ ಹೋಗಿ ಟಯರ್ ನೋಡಿದೆ, ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರ್ತಾರೆ, ಮೊದಲೆರಡು ವಾರ, ಕೊನೆ ಎರಡು ವರ್ಷ, ಅಲ್ಲಿ 4422 ಅಂತಿತ್ತು. ಅಂದ್ರೆ ಟಯರ್ ತಯಾರಾಗಿದ್ದು 2022ರ ನಲವತ್ನಾಲ್ಕನೇ ವಾರ, ಗಾಡಿ ಹುಟ್ಟಿದ್ದು ಅದೇ ವರ್ಷದ ಕೊನೆಗೆ. ಒಂಬತ್ತು ತಿಂಗಳು ಬಿಸಿಲು ಮಳೇಲಿ ನಿಂತಿದ್ದ ಗಾಡಿ. ನನಗೆ ಮೊದಲ ದಿನದಿಂದ ಹೇಳ್ತಿದ್ದಿದ್ದು "2023 ಮಾಡೆಲ್ ಸಾರ್" ಅಂತ. ಕೇಳಿದ್ರೆ "ರಿಜಿಸ್ಟ್ರೇಷನ್ 2023 ಆಗುತ್ತಲ್ಲ ಸಾರ್" ಅನ್ನೋ ಉತ್ತರ. ತುಂಬಾ ಬೇಜಾರಾಯ್ತು, ಕೋಪಕ್ಕಿಂತ ಬೇಜಾರು. 2023ರ ಏಪ್ರಿಲ್ 1ರಿಂದ ಹೊಗೆ ನಿಯಮದ ಬಿಎಸ್6 ಎರಡನೇ ಹಂತ ಬಂದಿತ್ತು, ಇದು ಅದಕ್ಕೂ ಹಿಂದಿನ ಗಾಡಿ. ವಿಮೆ ಕಂಪ್ನಿಯೋರು, ನಾಳೆ ಸೆಕೆಂಡ್ ಹ್ಯಾಂಡ್ ತಗೊಳ್ಳೋರು, ಎಲ್ಲರೂ ನೋಡೋದು ತಯಾರಾದ ವರ್ಷನೇ. 2022 ಅಂತ ಮೊದಲೇ ಹೇಳಿ ಅದಕ್ಕೆ ತಕ್ಕ ಬೆಲೆ ಹೇಳಿದ್ರೆ ನಾನು ತಗೊಂಡೇ ಬಿಡ್ತಿದ್ನೋ ಏನೋ. ಅಲ್ಲಿಗೆ ಆ ಶೋರೂಮ್ ಬಿಟ್ಟೆ. ಹಬ್ಬದ ದಿನ ಅಮ್ಮ ಫೋನಲ್ಲಿ "ಲಕ್ಷ್ಮಿ ಉಳಿದಳು ಬಿಡು" ಅಂದ್ರು.

ಸೆಪ್ಟೆಂಬರ್ ಮೊದಲ ವಾರ ಒಂದು ಸಣ್ಣ ಸುದ್ದಿ ಬಂತು, ಜಾಸ್ತಿ ಜನ ಗಮನಿಸಲಿಲ್ಲ ಅನ್ಸುತ್ತೆ, ನಾನು ಮಾತ್ರ ಎದ್ದು ಕೂತೆ. ಅದೇ ಕಂಪ್ನಿಯ ವೆನ್ಯೂ ಎನ್ ಲೈನಲ್ಲಿ ಐಎಂಟಿ ತೆಗೆದು ಕ್ಲಚ್ ಇರೋ 6 ಸ್ಪೀಡ್ ಮ್ಯಾನ್ಯುಯಲ್ ಕೊಟ್ರು. ಅದೇ 1 ಲೀಟರ್ ಟರ್ಬೋ ಇಂಜಿನ್ನಿಗೆ. ಅಲ್ಲಿ ಕೊಟ್ಟಿದಾರೆ ಅಂದ್ರೆ ಐ20 ಎನ್ ಲೈನಿಗೂ ಬರಲೇಬೇಕಲ್ಲ. ಇಷ್ಟು ದಿನ ಬಂಪರ್ ಲೈಟು ಅಂತ ಲೆಕ್ಕ ಹಾಕ್ತಿದ್ದೋನಿಗೆ ಆವಾಗ ಕಾಯೋಕೆ ಒಂದು ಕಾರಣ ಸಿಕ್ತು.

ಸೆಪ್ಟೆಂಬರ್ 8ಕ್ಕೆ ಹೊಸ ಐ20 ಬಂತು, ಮಾಮೂಲಿ ಐ20. ನೋಡಿದ್ರೆ ಅದರಲ್ಲಿ ಟರ್ಬೋ ಇಂಜಿನ್ನೇ ಇಲ್ಲ! 1.2 ಪೆಟ್ರೋಲ್ ಒಂದೇ. ಎದೆ ಧಸಕ್ ಅಂತು. ಎನ್ ಲೈನೂ ನಿಲ್ಲಿಸಿಬಿಡ್ತಾರಾ? ಪೋಲೋಗೆ ಕಾಯ್ತಾ ಕಾಯ್ತಾ ಅದನ್ನ ಕಳ್ಕೊಂಡಿದ್ದೆ, ಇದೂ ಹಂಗೇ ಆಗುತ್ತಾ? ಆ ಎರಡು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ ಅಂದ್ರೆ ಸುಳ್ಳಲ್ಲ. ಬೇರೆ ಶೋರೂಮಿಂದ ಫೋನ್, "ಸಾರ್ ಟರ್ಬೋ ಸ್ಟಾಕ್ ಇನ್ನೆರಡೇ ಗಾಡಿ ಇದೆ, ಇನ್ಮೇಲೆ ಸಿಗಲ್ಲ, 2023ದೇ, ಚಾಸಿ ನಂಬರ್ ಬೇಕಾದ್ರೆ ಈಗಲೇ ಕಳಿಸ್ತೀನಿ" ಅಂತ. ಕಳಿಸಿದ್ರು ಕೂಡ, ಹತ್ತನೇ ಅಕ್ಷರ ಪಿ ಇತ್ತು, ಪ್ರಾಮಾಣಿಕ ಮನುಷ್ಯ. ಎನ್8 ಐಎಂಟಿ, ನಲವತ್ತು ಸಾವಿರ ಕಮ್ಮಿ. ಬುಕಿಂಗ್ ಹಣ ಕಳಿಸೋಕೆ ಫೋನ್ ಕೈಗೆತ್ಕೊಂಡು ಇಟ್ಟೆ, ಮತ್ತೆ ಎತ್ಕೊಂಡು ಇಟ್ಟೆ.

ಆವಾಗ ನಮ್ಮನೆಯವಳು ಒಂದು ಮಾತು ಕೇಳಿದ್ಲು. "ರೀ, ನೀವು ಇದನ್ನ ತಗೊಂಡು ಘಾಟಿಗೆ ಹೋದಾಗ, ಪ್ರತಿ ತಿರುವಲ್ಲೂ ಕ್ಲಚ್ ಇದ್ದಿದ್ರೆ ಚೆನ್ನಾಗಿತ್ತು ಅಂತ ಹೇಳ್ತೀರಾ ಇಲ್ವಾ?" ಹೇಳ್ತೀನಿ ಅಂದೆ. "ಹಂಗಾದ್ರೆ ಹತ್ತು ವರ್ಷ ನಾನು ಅದನ್ನ ಕೇಳ್ಕೊಂಡು ಕೂರಲ್ಲ, ಕಾಯಿರಿ. ಬರದೇ ಇದ್ರೆ ಬೇರೆ ಗಾಡಿ ನೋಡೋಣ." ಫೋನ್ ಇಟ್ಬಿಟ್ಟೆ.

ಸೆಪ್ಟೆಂಬರ್ 22, ಶುಕ್ರವಾರ. ಎನ್ ಲೈನ್ ಬಂತು, ಅದೇ ಟರ್ಬೋ, ಅದೇ 120 ಪಿಎಸ್, ಐಎಂಟಿ ಹೋಗಿ 6 ಸ್ಪೀಡ್ ಮ್ಯಾನ್ಯುಯಲ್, ಕ್ಲಚ್ ಪೆಡಲ್ ಸಮೇತ. ಆಫೀಸಲ್ಲಿ ಮೀಟಿಂಗಲ್ಲಿದ್ದೆ, ಲ್ಯಾಪ್‌ಟಾಪ್ ಮರೇಲಿ ಫೋನ್ ಇಟ್ಕೊಂಡು ಓದಿದೆ, ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಜೊತೆಗೆ ಕೆಳಗಿನ ವೇರಿಯಂಟಿಂದಲೇ ಆರು ಏರ್‌ಬ್ಯಾಗು, ಸ್ಟೆಬಿಲಿಟಿ ಕಂಟ್ರೋಲ್, ಹಿಂದೆ ನಡುವಿನ ಸೀಟಿಗೂ ಮೂರು ಪಾಯಿಂಟ್ ಬೆಲ್ಟ್. ಇದು ನಾನು ಲೆಕ್ಕಕ್ಕೇ ಇಟ್ಕೊಂಡಿರಲಿಲ್ಲ, ಆದ್ರೆ ಅಪ್ಪ ಅಮ್ಮ ಮಗಳು ಮೂರೂ ಜನ ಹಿಂದೆ ಕೂರೋ ಮನೇಲಿ ನಡುವಿನ ಸೀಟಿನ ಬೆಲ್ಟ್ ಸಣ್ಣ ವಿಷಯ ಅಲ್ಲ.

ಇನ್ನು ಲೆಕ್ಕಾಚಾರ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಕರ್ನಾಟಕದಲ್ಲಿ ಗಾಡಿ ತಗೊಳ್ಳೋರಿಗೆ ಉಪಯೋಗ ಆಗುತ್ತೆ. ಹೊಸದರಲ್ಲಿ ಆಗ ಎನ್6 ಮ್ಯಾನ್ಯುಯಲ್ ಎಕ್ಸ್ ಶೋರೂಮ್ 9 ಲಕ್ಷ 99 ಸಾವಿರ, ಎನ್8 ಮ್ಯಾನ್ಯುಯಲ್ 11 ಲಕ್ಷ 22 ಸಾವಿರದ ಹತ್ರ. ನಮ್ಮಲ್ಲಿ ಆಗ ರೋಡ್ ಟ್ಯಾಕ್ಸು 5ರಿಂದ 10 ಲಕ್ಷದವರೆಗೆ 14 ಪರ್ಸೆಂಟ್, 10 ದಾಟಿದ್ರೆ 17 ಪರ್ಸೆಂಟ್, ಆ ಟ್ಯಾಕ್ಸಿನ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್ಸು. ಎನ್6ಗೆ ಅದು ಒಂದೂವರೆ ಲಕ್ಷ ಚಿಲ್ಲರೆ ಬಂತು, ಎನ್8ಗೆ ಎರಡು ಲಕ್ಷದ ಹನ್ನೊಂದು ಸಾವಿರದ ಮೇಲೆ. ಹತ್ತು ಲಕ್ಷ ದಾಟಿದ್ರೆ 1 ಪರ್ಸೆಂಟ್ ಟಿಸಿಎಸ್ ಬೇರೆ, ಅಂದ್ರೆ ಮುಂಗಡವಾಗಿ ಹಿಡಿಯೋ ಆದಾಯ ತೆರಿಗೆ, ಅದು ರಿಟರ್ನ್ಸ್ ಹಾಕಿದಾಗ ವಾಪಸ್ ಬರುತ್ತೆ, ಆದ್ರೆ ಆ ಕ್ಷಣಕ್ಕೆ ಕೈಯಿಂದ ಹೋಗೋದು ಹೋಗೇ ಹೋಗುತ್ತೆ. ಹಳೇ ಎನ್8ಗೆ ಕೊಡ್ತಿದ್ದ ನಲವತ್ತು ಸಾವಿರದ ಡಿಸ್ಕೌಂಟ್ ನನ್ನ ಕೊಟೇಶನ್ನಲ್ಲಿ ಕಳೆದಿದ್ದು ಕೊನೇ ಮೊತ್ತದಲ್ಲಿ, ಟ್ಯಾಕ್ಸ್ ಹಾಕಿದ್ದು ಪೂರ್ತಿ ಬೆಲೆ ಮೇಲೆ. ಎಲ್ಲಾ ಕೂಡಿ ಕಳೆದು ನೋಡಿದ್ರೆ ಹೊಸ ಎನ್6 ಹೆಚ್ಚುಕಮ್ಮಿ 12 ಲಕ್ಷಕ್ಕೆ ರೋಡಿಗೆ ಇಳೀತಿತ್ತು, ಡಿಸ್ಕೌಂಟ್ ಹಾಕಿದ ಹಳೇ ಎನ್8 ಅದಕ್ಕಿಂತ ಲಕ್ಷದ ಮೇಲೆ ಜಾಸ್ತಿ ಆಗ್ತಿತ್ತು. ಹೊಸ ಎನ್8ನಲ್ಲಿ ಬೋಸ್ ಸ್ಪೀಕರ್ ಇದೆ, ದೊಡ್ಡ ಸ್ಕ್ರೀನ್ ಇದೆ. ಇಂಜಿನ್ ಎರಡಕ್ಕೂ ಅದೇ, ಗೇರ್‌ಬಾಕ್ಸ್ ಅದೇ, ಗಟ್ಟಿ ಸಸ್ಪೆನ್ಷನ್ನೂ ಅದೇ. ನನಗೆ ಅಷ್ಟೇ ಬೇಕಿದ್ದಿದ್ದು.

ಒಂದೇ ಪ್ರಶ್ನೆ ಉಳಿದಿತ್ತು, ಅದು ನಿಜವಾದ ಪ್ರಶ್ನೆ. ನಮ್ಮನೆಯವಳ ಆಫೀಸು ವೈಟ್‌ಫೀಲ್ಡ್ ಕಡೆ, ನಮ್ಮ ಮನೆ ವಿಜಯನಗರ. ವಾರಕ್ಕೆ ಮೂರು ದಿನ ಅವಳೂ ಗಾಡಿ ತಗೊಂಡು ಹೋಗ್ತಿದ್ಲು, ಆ ಟ್ರಾಫಿಕ್ಕಲ್ಲಿ ಕ್ಲಚ್ ಒತ್ತಿ ಒತ್ತಿ ಮೊಣಕಾಲು ನೋವು ಅಂತಿದ್ಲು. ಅವಳ ಪಾಲಿಗೆ ಡಿಸಿಟಿನೇ ಸರಿ. ನನ್ನ ಖುಷಿಗೆ ಅವಳ ಮೊಣಕಾಲು ಸವೆಸೋಕೆ ನನಗೂ ಮನಸ್ಸಿರಲಿಲ್ಲ, ಡಿಸಿಟಿಗೇ ಹೋಗೋಣ ಬಿಡು ಅಂತಲೂ ಅಂದೆ, ಅದರಲ್ಲಿ ಸ್ಟೀರಿಂಗ್ ಹಿಂದೆ ಪ್ಯಾಡಲ್ ಇದೆ, ಘಾಟಿಲಿ ಅದರಲ್ಲೇ ಗೇರ್ ಇಳಿಸ್ಕೋತೀನಿ ಅಂತ. ಅವಳೇ ಯೋಚನೆ ಮಾಡಿ ಹೇಳಿದ್ಲು, ಮೆಟ್ರೋ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದ ನಡುವೆ ಆ ಒಂದು ತುಂಡು ಆದ್ರೆ ಮುಗೀತು, ವಿಜಯನಗರದಲ್ಲಿ ಹತ್ತಿದ್ರೆ ಸೀದಾ ವೈಟ್‌ಫೀಲ್ಡಲ್ಲಿ ಇಳಿಯೋದು, ಇನ್ನೇನು ಶುರು ಮಾಡ್ತಾರೆ ಅಂತ ಪೇಪರಲ್ಲಿ ಬರ್ತಿದೆ, ನನಗೆ ಗಾಡಿ ಬೇಡ್ವೇ ಬೇಡ, ನೀವು ಮ್ಯಾನ್ಯುಯಲ್ ತಗೊಳ್ಳಿ. ಹೇಳಿದ ಹಂಗೇ ಅಕ್ಟೋಬರ್ 9ಕ್ಕೆ ನೇರಳೆ ಮಾರ್ಗ ಪೂರ್ತಿ ಓಡೋಕೆ ಶುರುವಾಯ್ತು. ಇವತ್ತಿಗೂ ಅವಳು ಮೆಟ್ರೋದಲ್ಲೇ ಹೋಗ್ತಾಳೆ.

ಸೆಪ್ಟೆಂಬರ್ 27ಕ್ಕೆ ಎರಡನೇ ಶೋರೂಮಿಗೆ ಟೆಸ್ಟ್ ಡ್ರೈವ್ ಗಾಡಿ ಬಂತು, ಫೋನ್ ಬಂದ ಕೂಡ್ಲೇ ಅರ್ಧ ದಿನ ರಜೆ ಹಾಕಿ ಓಡಿದೆ. ಕೂತ ಕೂಡ್ಲೇ ಎಡಗಾಲು ಇಟ್ಟೆ, ಪೆಡಲ್ ಅಲ್ಲಿತ್ತು. ಹಗುರ ಕ್ಲಚ್ಚು, ಮಧ್ಯದಲ್ಲೆಲ್ಲೋ ಹಿಡಿಯುತ್ತೆ, ಮೊದಲ ಎರಡು ಸಿಗ್ನಲ್ ಅಂದಾಜು ಸಿಗೋಕೆ ಬೇಕಾಯ್ತು. ನೈಸ್ ರೋಡಲ್ಲಿ ನಾಲ್ಕರಿಂದ ಮೂರಕ್ಕೆ ಇಳಿಸೋವಾಗ ಚೂರು ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಟ್ಟೆ, ಗೇರು ಬೆಣ್ಣೇಲಿ ಚಾಕು ಇಳಿದಂಗೆ ಇಳೀತು. ಪಕ್ಕದಲ್ಲಿ ಕೂತಿದ್ದ ಸೇಲ್ಸಿನೋರು ಏನೂ ಮಾತಾಡಲಿಲ್ಲ, ನನ್ನ ಮುಖ ನೋಡಿ ಸುಮ್ನೆ ನಕ್ಕರು.

29ಕ್ಕೆ ಹುಣ್ಣಿಮೆ, ಅದಾದ ಮೇಲೆ ಪಿತೃಪಕ್ಷ, ಹಂಗಾಗಿ 28ಕ್ಕೆ ಅನಂತನ ಚತುರ್ದಶಿ ದಿನವೇ ಬುಕ್ ಮಾಡಿದೆ, ಎನ್6 ಮ್ಯಾನ್ಯುಯಲ್, ಥಂಡರ್ ಬ್ಲೂ. ಆಯುಧ ಪೂಜೆಗೆ ಸಿಗುತ್ತೆ ಅಂದಿದ್ರು, ಒಂದು ದಿನ ತಡ ಆಯ್ತು. ಅದಕ್ಕೆ ಮುಂಚೆ ಒಂದು ಶನಿವಾರ ಹೋಗಿ ಎರಡು ಗಂಟೆ ಪಿಡಿಐ, ಅಂದ್ರೆ ಡೆಲಿವರಿಗೆ ಮುಂಚಿನ ತಪಾಸಣೆ, ಮಾಡಿದೆ, ರಿಜಿಸ್ಟ್ರೇಷನ್ನಿಗೆ ಮುಂಚೆ, ಇದು ಮುಖ್ಯ, ನಂಬರ್ ಬಿದ್ದ ಮೇಲೆ ಗಾಡಿ ನಮ್ಮದು, ಆಮೇಲೆ ಏನು ಸಿಕ್ಕಿದ್ರೂ ಜಗ್ಗಾಡ್ಬೇಕು. ಹತ್ತನೇ ಅಕ್ಷರ ಪಿ, ನಾಲ್ಕೂ ಟಯರ್ ಆಗಸ್ಟ್ ತಿಂಗಳ ವಾರಗಳವು, ಓಡೋಮೀಟರಲ್ಲಿ 21 ಕಿಲೋಮೀಟರ್. ಹಿಂದಿನ ಬಾಗಿಲ ಹತ್ರ ಪೇಂಟಿನ ಮೇಲೆ ಏನೋ ಗೆರೆ ಕಂಡು ಗಾಬರಿ ಆದೆ, ಒರೆಸಿದ್ರೆ ಹೋಯ್ತು. ಅಕ್ಟೋಬರ್ 24, ವಿಜಯದಶಮಿ, ಬೆಳಿಗ್ಗೆ ಹತ್ತೂವರೆಗೆ ಕೀ ಕೈಗೆ ಬಂತು, ಕುಂಬಳಕಾಯಿ ಒಡೆದು ನಿಂಬೆಹಣ್ಣು ಹತ್ತಿಸಿ ಮನೆಗೆ ತಂದ್ವಿ.

ಚೆನ್ನಾಗಿಲ್ಲದೇ ಇರೋದೂ ಇದೆ. ಊರೊಳಗೆ ಲೀಟರಿಗೆ ಹತ್ತು ಹನ್ನೊಂದು ಕೊಟ್ರೆ ಜಾಸ್ತಿ, ಹೈವೇಲಿ ಸುಮ್ನೆ ಹೋದ್ರೆ ಹದಿನೆಂಟರವರೆಗೂ ಬರುತ್ತೆ. ಟ್ಯಾಂಕ್ 37 ಲೀಟರ್ ಅಷ್ಟೇ, ಬಂಕ್ ಕಡೆ ಆಗಾಗ ತಿರುಗ್ಬೇಕು. ಸಣ್ಣ ಗುಂಡಿಗಳು ಸೀಟಿಗೆ ನೇರ ಗೊತ್ತಾಗುತ್ತೆ, ಅಮ್ಮ ಹಿಂದೆ ಕೂತ್ರೆ ಹಾಸನ ಬರೋ ಹೊತ್ತಿಗೆ "ಸ್ವಿಫ್ಟೇ ಮೆತ್ತಗಿತ್ತು" ಅಂತಾರೆ. ಐಎಂಟಿನೇ ತಗೊಂಡಿರೋ ಇಬ್ಬರು ಪರಿಚಯದೋರು ಇದಾರೆ, ಇಬ್ಬರೂ ಊರೊಳಗೇ ಓಡಿಸೋರು, ಖುಷಿಯಾಗಿದಾರೆ. ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ತಗೊಳ್ತಿದ್ದೆ.

ಮೊದಲ ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸಿ, ನವೆಂಬರ್ ಕೊನೆಗೆ ಊರಿಗೆ ಹೋದೆ. ಬೆಳಿಗ್ಗೆ ಆರಕ್ಕೇ ಅಪ್ಪನ ಜೊತೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದ್ವಿ. ಮಂಜು ಇತ್ತು, ರೋಡ್ ಒದ್ದೆ, ಜೋರಾಗಿ ಹೋಗೋ ಜಾಗ ಅಲ್ಲ, ಹೋಗಲೂ ಇಲ್ಲ. ಎರಡನೇ ಗೇರಲ್ಲಿ ಇಂಜಿನ್ ಹಿಡಿತದಲ್ಲೇ ಇಳಿಸ್ಕೊಂಡು, ಕೆಳಗೆ ತಿರುಗಿಸಿ ಮತ್ತೆ ಹತ್ತಿದೆ, ಆವಾಗ ಮಂಜು ಸ್ವಲ್ಪ ಸರಿದಿತ್ತು, ಒಂದೊಂದು ತಿರುವಿಂದ ಹೊರಗೆ ಬರೋವಾಗ ಟರ್ಬೋ ಎಳೆಯೋದು, ಎಡಗೈ ಎಡಗಾಲು ಎರಡೂ ಒಟ್ಟಿಗೆ ಕೆಲಸ ಮಾಡೋದು, ಮೂರು ತಿಂಗಳ ಆಷಾಢ ಅಧಿಕ ಮಾಸ ಎಲ್ಲಾ ಮರ್ತೋಯ್ತು.

ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಕಾಫಿ ಕುಡಿದು ಹೊರಗೆ ಬಂದಾಗ ಅಪ್ಪ ಡ್ರೈವರ್ ಬಾಗಿಲ ಹತ್ರ ಹೋಗಿ ನಿಂತಿದ್ರು. ಎಪ್ಪತ್ತೊಂದು ವರ್ಷ ಅವರಿಗೆ, ಎರಡು ವರ್ಷದಿಂದ ಗಾಡಿ ಮುಟ್ಟಿರಲಿಲ್ಲ. ಕೀ ಕೊಟ್ಟೆ. ಸೀಟ್ ಮುಂದೆ ಎಳ್ಕೊಂಡು, ಕ್ಲಚ್ಚು ಎರಡು ಸಲ ಒತ್ತಿ ನೋಡಿ, "ಹಗುರ ಐತಲ್ಲೋ" ಅಂದ್ರು. ಒಂದನೇ ಗೇರ್ ಹಾಕಿ, ಒಂದು ಚೂರೂ ಜಗ್ಗದಂಗೆ ಬಿಟ್ಟು, ರೋಡಿಗೆ ತಗೊಂಡ್ರು. ಮೂಡಿಗೆರೆ ಬರೋವರೆಗೂ ಕಾಲು ಒಂದು ಸಲವೂ ಕ್ಲಚ್ ಮೇಲೆ ಉಳೀಲಿಲ್ಲ, ನಾನು ನೋಡ್ತಾನೇ ಇದ್ದೆ.